ಸೋದರಮಾವನ ಮನೆಗೆ ಕಳಿಸೋ ಕೇಸಲ್ಲ ಇದು

ನಮ್ಮ ಕಡೆ ಒಂದು ಅಭ್ಯಾಸವಿದೆ. ಬದುವಿನ ಜಗಳದಲ್ಲಿ ಹುಡುಗ ಯಾರಿಗಾದರೂ ನಾಲ್ಕು ಬಾರಿಸಿ ಬಂದರೆ, ಮನೆಯವರು ಅವನನ್ನು ಸೋದರಮಾವನ ಮನೆಗೆ ಸಾಗಹಾಕುತ್ತಾರೆ. ಬಿಸಿ ಆರಿದ ಮೇಲೆ ಹಿರಿಯರು ಕೂತು ರಾಜಿ ಮಾಡಿಸುತ್ತಾರೆ. ಸೋಲೂರಿನ ಹನುಮಂತಮ್ಮನೂ ಅದನ್ನೇ ನೆಚ್ಚಿಕೊಂಡಳು.

ಅವಳ ಮಗ ಮುನಿಕೃಷ್ಣ ಬಿಡದಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಯಾರೋ ಪುಣ್ಯಾತ್ಮರು ತಲೆ ಕೆಡಿಸಿ, ಸರ್ಕಾರ ಭಯೋತ್ಪಾದಕರ ಪಟ್ಟಿಗೆ ಸೇರಿಸಿರುವ ಸಂಘಟನೆಯೊಂದಕ್ಕೆ ಅವನನ್ನು ಎಳೆದುಕೊಂಡಿದ್ದರು. ಗುಂಪಿನ ಇಬ್ಬರನ್ನು ಪೊಲೀಸರು ಹಿಡಿದ ಸುದ್ದಿ ಬಂದದ್ದೇ ತಡ, ಊರಿಗೆ ಓಡಿಬಂದು ತಾಯಿಯ ಮುಂದೆ ಎಲ್ಲ ಬಾಯಿಬಿಟ್ಟ. ಹನುಮಂತಮ್ಮ ಅಳುತ್ತಲೇ ಅವನ ಬಟ್ಟೆ ಬ್ಯಾಗಿಗೆ ತುಂಬತೊಡಗಿದಳು.

ಅಳು ಕೇಳಿ ಪಕ್ಕದ ಮನೆಯ ಅಮೂಲ್ಯ ಬಂದಳು. ಮಾಗಡಿಯ ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ ಅವಳು.

“ಯಾಕ್ ಚಿಕ್ಕವ್ವ, ಏನಾಯ್ತು?”

ಹನುಮಂತಮ್ಮ ಎಲ್ಲವನ್ನೂ ಹೇಳಿದಳು. “ಎಂಟು ದಿನ ತಿಪ್ಪಸಂದ್ರದಲ್ಲಿ ನನ್ನ ತಮ್ಮನ ಮನೇಲಿರ್ಲಿ ಕಣವ್ವ. ಆಮ್ಯಾಕೆ ಯಾರ ಕೈಕಾಲಾದ್ರೂ ಹಿಡ್ಕೋತೀನಿ.”

“ನಾನು ಅವ್ರ ಬ್ಯಾಗ್ ಸಾಗ್ಸಿದ್ದು ಅಷ್ಟೇ ಅಕ್ಕ. ಕೋವಿ ಮುಟ್ಟಿಲ್ಲ,” ಎಂದ ಮುನಿಕೃಷ್ಣ.

“ಮುಟ್ಟದಿದ್ರೂ ಅಷ್ಟೇ ಕಣಪ್ಪ. ಯುಎಪಿಎ ಅಂತ ಕಾಯ್ದೆ ಐತೆ. ಅಂಥಾ ಸಂಘಟನೆಗೆ ಮೆಂಬರ್ ಆಗಿರೋದೇ ಅಪರಾಧ. ಜೀವಾವಧಿವರ್ಗೂ ಶಿಕ್ಷೆ ಆಗ್ಬೌದು. ಬೇಲು ಸುಲಭಕ್ಕೆ ಸಿಗಾಕಿಲ್ಲ.”

“ಅದ್ಕೇ ಬಚ್ಚಿಡ್ತೀನಿ ಅಂದಿದ್ದು!” ಹನುಮಂತಮ್ಮ ರೇಗಿದಳು.

“ಗೊತ್ತಿದ್ದೂ ಬಚ್ಚಿಟ್ರೆ ಮಾವಂಗೂ ಜೈಲು. ಮೂರು ವರ್ಷಕ್ಕೆ ಕಮ್ಮಿ ಇಲ್ಲ.”

“ನಾನು ಹೆತ್ತೋಳು ಕಣೇ! ನಾನೂ ಬಚ್ಚಿಡಂಗಿಲ್ವ?”

“ಹೆತ್ತೋಳಿಗೂ ರಿಯಾಯ್ತಿ ಇಲ್ಲ ಚಿಕ್ಕವ್ವ.”

ಹನುಮಂತಮ್ಮ ಬ್ಯಾಗನ್ನು ಪಕ್ಕಕ್ಕೆ ತಳ್ಳಿದಳು. ಅಯ್ಯೋ, ಏನೂ ಅರಿಯದ ತಮ್ಮನ ಸಂಸಾರವನ್ನೂ ಕೈಯಾರೆ ಹಾಳು ಮಾಡುತ್ತಿದ್ದಳಲ್ಲ!

“ಮತ್ತೇನ್ ಮಾಡನ?”

“ವಕೀಲರ್ನ ಕರ್ಕೊಂಡು ನಾವೇ ಸ್ಟೇಷನ್ನಿಗೆ ಹೋಗನ. ಸಮಿತಿಯೋರು ಪುಕ್ಕಟೆ ವಕೀಲರ್ನ ಕೊಡ್ತಾರೆ. ತಾನಾಗೇ ಬಂದ ಅನ್ನೋದನ್ನ ಕೋರ್ಟು ನೋಡ್ಬೌದು. ಬಿಟ್ಟೇಬುಡ್ತಾರೆ ಅಂತ ಮಾತ್ರ ನಾನು ಸುಳ್ಳು ಹೇಳಾಕಿಲ್ಲ.”

ಮುನಿಕೃಷ್ಣ ಎದ್ದು ನಿಂತ. “ಮಾವನ್ನ ಇದ್ರೊಳಕ್ಕೆ ತರೋದು ಬ್ಯಾಡ ಕಣವ್ವ. ನಡಿ.”

ಮಾಗಡಿ ಬಸ್ಸಿನಲ್ಲಿ ತಾಯಿ ಮಗನ ಕೈ ಬಿಡಲಿಲ್ಲ. ಸಮಿತಿಯ ವಕೀಲರು ಕಾಯುತ್ತಿದ್ದ ಠಾಣೆಯ ಬಾಗಿಲಲ್ಲಿ ಬಿಡಲೇಬೇಕಾಯಿತು.

ಈಗ ಅವನು ಜೈಲಿನಲ್ಲಿದ್ದಾನೆ, ಕೇಸು ನಡೆಯುತ್ತಿದೆ. ನೋಡಲು ಹೋದಾಗಲೆಲ್ಲ ಹೇಳುವುದು ಒಂದೇ ಮಾತು: “ಸೇರೋಕ್ ಮುಂಚೆ ನಿಂಗೊಂದ್ ಮಾತು ಹೇಳ್ಬೇಕಿತ್ತು ಕಣವ್ವ.”

ಅಪ್ಪಂದಿರೇ, ಅವ್ವಂದಿರೇ, ನಿಮ್ಮ ಮಕ್ಕಳು ಯಾರ ಜೊತೆ ಓಡಾಡುತ್ತಿದ್ದಾರೆ, ಯಾರ ಬ್ಯಾಗು ಹೊರುತ್ತಿದ್ದಾರೆ? ಬೈಯದೆ, ಕೂರಿಸಿಕೊಂಡು ಕೇಳಿ. ಕಾಲು ಜಾರಿದ್ದರೆ ಬಚ್ಚಿಡಬೇಡಿ, ಉಚಿತ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಿ. ಅವರು ನಿಮಗೆ ಹೇಳಲು ಹೆದರುತ್ತಿರಬಹುದು. ನೀವೇ ಮೊದಲು ಕೇಳಿ.