ಬೊಳ್ಳುವಿನ ತುರಿಕೆಯೂ ರಂಜಿತನ ಸೆಂಟೂ

ಮಸ್ಕತ್ತಿನಿಂದ ರಂಜಿತ್ ವೀಡಿಯೋ ಕಾಲ್ ಮಾಡಿದರೆ ಮೊದಲು ಕೇಳುವುದು, "ಬೊಳ್ಳು ಎಲ್ಲಿ?" ಕಟ್ಟಿಕೊಂಡ ಹೆಂಡತಿ ಎದುರಿಗೇ ಕುಳಿತಿದ್ದರೂ ಅವನ ಕಣ್ಣು ನಾಯಿಯನ್ನೇ ಹುಡುಕುತ್ತಿತ್ತು. ಕಾಂತಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗಂತೂ ನಾಯಿಯನ್ನು ತೋರಿಸುವ ಹಾಗೂ ಇರಲಿಲ್ಲ. ಮಳೆಗಾಲ ಮುಗಿದಾಗಿನಿಂದ ಅದಕ್ಕೆ ತುರಿಕೆಯೋ ತುರಿಕೆ. ಕಿವಿ ಕೆರೆದು ಕೆಂಪಾಗಿತ್ತು, ಹೊಟ್ಟೆಯ ಕೂದಲು ಉದುರಿತ್ತು, ಕಾಲ್ಬೆರಳ ಸಂದು ನೆಕ್ಕಿ ನೆಕ್ಕಿ ಹಸಿಯಾಗಿತ್ತು. ಮುಂದಿನ ತಿಂಗಳು ಗಂಡ ರಜೆಗೆ ಬರುವವನು. ಒಂದು ನಾಯಿಯನ್ನು ನೋಡಿಕೊಳ್ಳಲಿಕ್ಕೆ ಆಗಲಿಲ್ಲವಾ ಎಂದು ಅವನು ಕೇಳಿದರೆ? ಆ ಹೆದರಿಕೆಗೆ ಕಾಂತಿಗೆ ಊಟ ಸೇರುತ್ತಿರಲಿಲ್ಲ.

"ಗ್ಯಾರೇಜಿನ ಕರಿ ಆಯಿಲ್ ಹಚ್ಚಿ ಅಕ್ಕ, ಒಂದೇ ಸಲಕ್ಕೆ ಹೋಗ್ತದೆ," ಎಂದ ನೆರೆಮನೆಯ ಡೊಂಬಯ್ಯ.

"ಎಂತ ಹೋಗುವುದು, ತುರಿಕೆಯಾ ನಾಯಿಯಾ?"

ಬೊಳ್ಳುವನ್ನು ಅದು ಮಲಗುವ ಗೋಣಿಯಲ್ಲೇ ಸುತ್ತಿ, ರಿಕ್ಷಾ ಹತ್ತಿಸಿ, ಬೆಳ್ತಂಗಡಿಯ ನಾಯಿ ಡಾಕ್ಟ್ರು ವಿಜೇತಾರ ಮುಂದೆ ಇಳಿಸಿದಳು.

ಡಾಕ್ಟ್ರು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿದರು, ಚಿಗಟ ಇಲ್ಲ. ಚರ್ಮ ಕೆರೆದು ಪರೀಕ್ಷಿಸಿದರು, ಕಜ್ಜಿಯ ಹುಳವೂ ಇಲ್ಲ.

"ಊಟ ಎಂತ ಹಾಕ್ತೀರಿ?"

"ಗಂಜಿ, ಬೂತಾಯಿ ಮೀನು. ಮರಿ ಇರುವಾಗಿನಿಂದ ಅದೇ."

ಅಷ್ಟರಲ್ಲಿ ಡಾಕ್ಟ್ರಿಗೇ ಸೀನು ಹತ್ತಿಕೊಂಡಿತು. "ಈ ಗೋಣಿಯಲ್ಲಿ ಎಂತ ಪರಿಮಳ ಮಾರಾಯ್ರೆ? ಮದುವೆ ಹಾಲ್‌ಗೆ ಬಂದ ಹಾಗೆ ಆಗ್ತದೆ!"

ಕಾಂತಿ ನಾಚಿ ನೆಲ ನೋಡಿದಳು. "ಅದು ಇವರ ಸೆಂಟು."

ಹೇಳದೆ ವಿಧಿಯಿರಲಿಲ್ಲ. ರಂಜಿತ್ ವಿಮಾನ ಹತ್ತಿದ ಮೇಲೆ ಬೊಳ್ಳು ಅನ್ನ ಮುಟ್ಟಿರಲಿಲ್ಲ. ಅವನು ಬಿಟ್ಟುಹೋದ ಬಾಟ್ಲಿಯಿಂದ ಗೋಣಿಗೆ ಒಂದು ಪುಸ್ ಹೊಡೆದಳು ನೋಡಿ, ನಾಯಿ ಅಲ್ಲಿ ಮೂಗಿಟ್ಟು ಮಲಗಿ, ಎದ್ದು ಗಂಜಿ ಕುಡಿಯಿತು. ಅಂದಿನಿಂದ ದಿನಾ ಹೊಡೆದದ್ದೇ ಹೊಡೆದದ್ದು. ಮುಗಿದಾಗೆಲ್ಲ ತನಗೆ ಬೇಕೆಂದು ಗಂಡನಿಂದ ತರಿಸಿಕೊಂಡಳು.

"ಮೊದಲು ನಿಮ್ಮ ಇವರನ್ನು ನಿಲ್ಲಿಸಿ," ಎಂದರು ಡಾಕ್ಟ್ರು. "ಗೋಣಿ ಬಿಸಾಡಿ. ಈ ಶಾಂಪೂ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೀರಿ. ತುರಿಕೆಗೆ ಮಾತ್ರೆ ಕೊಡ್ತೇನೆ. ನಿಮ್ಮ ಸಾಬೂನು, ಎಣ್ಣೆ ಒಂದೂ ಬೇಡ. ಕಡಿಮೆಯಾದ್ರೆ ಅಲರ್ಜಿ ಆ ಸೆಂಟಿನದ್ದೇ; ದಿನಾ ತಾಗಿ ತಾಗಿ ಕೊನೆಗೊಮ್ಮೆ ಬರ್ತದೆ."

ಅದರದ್ದೇ ಆಗಿತ್ತು. ಗಂಡ ಬರುವಷ್ಟರಲ್ಲಿ ಬೊಳ್ಳುವಿನ ಹೊಟ್ಟೆಯಲ್ಲಿ ಹೊಸ ಕೂದಲು ಬಂದಿತ್ತು.

ರಂಜಿತ್ ಕಾರಿನಿಂದ ಇಳಿಯುವ ಮೊದಲೇ ಅವನ ಸೆಂಟು ಅಂಗಳಕ್ಕೆ ಇಳಿಯಿತು. ಬೊಳ್ಳು ಹುಚ್ಚೆದ್ದು ಓಡಿತು. ಕಾಂತಿ ಅದರ ಕುತ್ತಿಗೆಪಟ್ಟಿ ಹಿಡಿದು ನಡುವೆ ನಿಂತಳು.

"ಅಲ್ಲೇ ನಿಲ್ಲಿ! ಮೊದಲು ಸ್ನಾನ! ನಿಮ್ಮ ಸೆಂಟು ಬೊಳ್ಳುವಿಗೆ ಅಲರ್ಜಿ!"

"ಎರಡು ವರ್ಷ ಆಯ್ತು ಮಾರಾಯ್ತಿ, ಮುಖ ಆದ್ರೂ ನೋಡು!"

"ತೊಳ್ಕೊಂಡು ಬನ್ನಿ, ನೋಡ್ತೇನೆ."

ಅವನು ಗೊಣಗುತ್ತಾ ಬಚ್ಚಲಿಗೆ ಹೋದ. ಬಾಗಿಲಿಗೆ ತೂಗುಹಾಕಿದ ಅಂಗಿಯನ್ನು ನೆನೆಹಾಕಲು ಕಾಂತಿ ಬಾಲ್ದಿಯವರೆಗೆ ಒಯ್ದಳು. ಒಯ್ದವಳು ಅದರಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟಳು. ಎಷ್ಟು ದಿನವಾಗಿತ್ತು!

ಒದ್ದೆ ತಲೆಯಲ್ಲಿ ಹೊರಬಂದ ರಂಜಿತನ ಎದೆಗೆ ಬೊಳ್ಳು ಹಾರಿತು. ಅದನ್ನು ತಬ್ಬಿಕೊಂಡೇ ಅವನು ಹೆಂಡತಿಯನ್ನು ನೋಡಿದ. "ಕಣ್ಣು ಕೆಂಪಾಗಿದೆ. ನಿನಗೂ ಅಲರ್ಜಿಯಾ?"

"ಅಲರ್ಜಿ ನಾಯಿಗೆ ಮಾತ್ರ," ಎಂದು ಕಾಂತಿ ಆ ಅಂಗಿಯನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು.