ಕಾಣುವ ಕಣ್ಣಿಗೇ ಕತ್ತರಿ

ನನ್ನ ಗಂಡ ಶಿವಮಲ್ಲಪ್ಪ ಕಣ್ಣಿನ ಡಾಕ್ಟರಲ್ಲ, ಆದರೆ ಮಧುವನಹಳ್ಳಿಯಲ್ಲಿ ಹಾಗಂತ ಯಾರೂ ಹೇಳುವ ಹಾಗಿಲ್ಲ. ಕೊಳ್ಳೇಗಾಲದಲ್ಲಿ ಕಣ್ಣಿನ ಕ್ಯಾಂಪು ನಡೆದಾಗಲೆಲ್ಲ ಊರಿನ ಮುದುಕರನ್ನು ವ್ಯಾನಿಗೆ ತುಂಬುವವರು ಇವರೇ. ಅದಕ್ಕೂ ಮುಂಚೆ ನಮ್ಮ ಜಗಲಿಯ ಮೇಲೆ ಕೂರಿಸಿ, ಕಣ್ಣಿಗೆ ಟಾರ್ಚು ಬಿಟ್ಟು, ಯಾರ ಪೊರೆ ಬಲಿತಿದೆ, ಯಾರದು ಇನ್ನೂ ಎಳೆಯದು ಎಂದು ತೀರ್ಪು ಕೊಡುತ್ತಾರೆ. ಹನೂರಿನ ಕಡೆಯಿಂದಲೂ ಜನ ಬರುತ್ತಾರೆ. ಇಪ್ಪತ್ತು ವರ್ಷ ಈ ದರ್ಬಾರಿಗೆ ಕಾಫಿ ಕಾಯಿಸಿದವಳು ನಾನು.

ನನ್ನ ಎಡಗಣ್ಣು ಮಂಜಾದಾಗಲೂ ಟಾರ್ಚು ಬಿಟ್ಟರು. "ಇನ್ನೂ ಬಲ್ತಿಲ್ಲ ಕಣೇ, ಬಲೀಲಿ, ಸುಮ್ಕಿರು" ಅಂದರು. ಮೂರು ವರ್ಷ ಸುಮ್ಮನಿದ್ದೆ. ಬಾಗಿಲಿಗೆ ಭುಜ ಬಡಿದುಕೊಂಡೆ, ಪಕ್ಕದಲ್ಲಿ ನಿಂತವರು ಕಾಣದೆ ಡಿಕ್ಕಿ ಹೊಡೆದು ಬೈಸಿಕೊಂಡೆ. ಒಂದು ದಿನ ಬಲಗಣ್ಣು ಮುಚ್ಚಿ ನೋಡಿದರೆ ಎದುರಿಗಿದ್ದ ಒಲೆಯ ಉರಿಯೂ ಇಲ್ಲ. ಇವರನ್ನು ಕೇಳದೆ ತಂಗಿಯ ಜೊತೆ ಮೈಸೂರಿನ ಆಸ್ಪತ್ರೆಗೆ ಹೋದೆ. ಅದು ಪೊರೆಯಾಗಿರಲಿಲ್ಲ, ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಸತ್ತುಹೋಗಿತ್ತು. ಬಲಗಣ್ಣಿಗೂ ಅದೇ ಶುರುವಾಗಿ ಬಹಳ ದಿನವಾಗಿತ್ತು; ಸುತ್ತಲಿನ ನೋಟ ಹೋಗಿ ನಡುವಿನದಷ್ಟೇ ಉಳಿದಿತ್ತು. ಆರು ತಿಂಗಳು ಹನಿ ಹಾಕಿದರೂ ಒತ್ತಡ ಇಳಿಯಲಿಲ್ಲ.

ಆಪರೇಷನ್ ಮಾತು ಬಂದ ದಿನ ಇವರೂ ಜೊತೆಗಿದ್ದರು.

"ಎಡಗಣ್ಣಿಗೆ ಇನ್ನೇನೂ ಮಾಡೋಕಾಗಲ್ಲಮ್ಮ. ಬಲಗಣ್ಣಿಗೆ ಮಾಡೋಣ. ಗದ್ದೆ ನೀರು ಹೊರಗೆ ಹೋಗೋಕೆ ಬದು ಕಡಿದು ಮಡೆ ತೆಗೀತಾರಲ್ಲ, ಹಾಗೆ ಒಳಗಿನ ನೀರಿಗೆ ಸಣ್ಣ ದಾರಿ ಬಿಡ್ತೀವಿ. ಹೋದ ದೃಷ್ಟಿ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಇದು" ಎಂದರು ಡಾಕ್ಟರಮ್ಮ.

ಇವರು ಎದ್ದು ನಿಂತರು. "ಏನ್ ಮೇಡಂ, ತಮಾಸೆನಾ? ಕುರ್ಡುಗಣ್ ಬುಟ್ಟು ಕಾಣೋ ಕಣ್ಗೇ ಕತ್ರಿ ಆಕ್ತೀರಾ? ಮೊದ್ಲು ಎಡಗಣ್ ಮಾಡಿ, ಸರ್ಯಾದ್ರೆ ಆಮೇಲ್ ನೋಡುವ. ನಾನ್ ಎಷ್ಟ್ ಜನುಕ್ಕೆ ಆಪ್ರೇಸನ್ ಮಾಡ್ಸಿವ್ನಿ ಗೊತ್ತಾ?"

"ಅದು ಪೊರೆಗೆ. ಇದು ಪೊರೆ ಅಲ್ಲ" ಎಂದರು ಡಾಕ್ಟರಮ್ಮ.

ಇವರು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು "ನಡಿಯೇ ಊರ್ಗೆ" ಅಂದರು.

ಹೆದರಿಕೆ ನನಗೂ ಇತ್ತು. ಆಪರೇಷನ್ನಿನಿಂದ ಅಪರೂಪಕ್ಕೊಮ್ಮೆ, ಇರುವ ನೋಟವೂ ಹೋಗಬಹುದು ಎಂದು ಡಾಕ್ಟರಮ್ಮ ಮುಚ್ಚಿಡದೆ ಹೇಳಿದ್ದರು. ಮಾಡಿಸದಿದ್ದರೆ ಹೋಗುವುದಂತೂ ಖಂಡಿತ. ಆದರೆ ಆ ಹೆದರಿಕೆಗಿಂತ ಈ ಮನುಷ್ಯನ ಮೇಲಿನ ಸಿಟ್ಟು ದೊಡ್ಡದಾಗಿತ್ತು.

"ಫೈಲ್ ಕೊಡ್ರಿ" ಅಂದೆ.

"ಏನಾರಾ ಆದ್ರೆ ನನ್ನ ಕೇಳ್ಬ್ಯಾಡ."

"ನಿಮ್ ಮಾತ್ ಕೇಳಿ ಒಂದ್ ಕಣ್ ಕಳ್ಕಂಡಿವ್ನಿ. ಇದು ನಂದು."

ಕಂಕುಳಿಂದ ಫೈಲು ಎಳೆದುಕೊಂಡೆ. ಒಪ್ಪಿಗೆ ಪತ್ರದಲ್ಲಿ ಡಾಕ್ಟರಮ್ಮ ಬೆರಳಿಟ್ಟು ತೋರಿಸಿದ ಕಡೆ ರುಜು ಹಾಕಿದೆ. ಇವರು ಟವೆಲು ಕೊಡವಿಕೊಂಡು ಹೊರಗೆ ಹೋದರು.

ಆಪರೇಷನ್ ಆದ ಮೇಲೆ ಕೆಲವು ವಾರ ಎಲ್ಲ ಮಬ್ಬು. ಮೈಸೂರಿನವರು ಕಣ್ಣು ಕೆಡಿಸಿಬಿಟ್ಟರು ಎಂದು ಇವರು ಊರೆಲ್ಲ ಸಾರಿಕೊಂಡು ಬಂದರು. ಎರಡು ತಿಂಗಳಿಗೆ ಮಬ್ಬು ಹರಿಯಿತು. ಒತ್ತಡ ಇಳಿದಿತ್ತು. ತಪಾಸಣೆಗೆ ಇವರೂ ಬಂದಿದ್ದರು. ಗೋಡೆಯ ಅಕ್ಷರಗಳನ್ನು ಮೊದಲು ಓದುತ್ತಿದ್ದ ಸಾಲಿನವರೆಗೇ ಓದಿದೆ.

ಇವರ ಮುಖ ಅರಳಿತು. "ನೋಡುದ್ಯಾ? ಮೊದ್ಲೂ ಅಷ್ಟೇ ಓದ್ತಿದ್ದೆ. ಏನ್ ಬಂತು ಆಪ್ರೇಸನ್ನಿಂದ?"

"ಏನೂ ಬರ್ನಿಲ್ಲ. ಏನೂ ಓಗ್ನೂ ಇಲ್ಲ. ನಿಮ್ ಕೈಲಿದ್ದಿದ್ರೆ ಇದೂ ಓಯ್ತಿತ್ತು" ಅಂದೆ.

ಡಾಕ್ಟರಮ್ಮನ ಎದುರೇ ಅಂದೆ. ನನಗೆ ಉಳಿದಿರುವ ಅಂಗೈಯಗಲದ ನೋಟದಲ್ಲಿ ಇವರ ಮುಖ ಪೂರ್ತಿ ಕಾಣುತ್ತಿತ್ತು. ತಲೆ ತಗ್ಗಿಸುವವರೆಗೂ ನೋಡಿದೆ.