ಚಕ್ರ ನಿಂತ ಮೇಲೆ

ನಾನೊಂದು ಸೈಕಲ್ ದೀಪ. ಕಾರ್ಖಾನೆಯಿಂದ ನನ್ನನ್ನೂ ಡೈನಮೋವನ್ನೂ ಒಂದೇ ಡಬ್ಬಿಯಲ್ಲಿಟ್ಟು ಕಳಿಸಿದರು. ಅದು ಟೈರಿಗೆ ಒರಗಿ ತಿರುಗಿದರೆ ನಾನು ಉರಿಯುತ್ತೇನೆ. ಚಕ್ರ ನಿಂತರೆ ಕುರುಡ.

ಮಂಡ್ಯದ ಅಂಗಡಿಯಿಂದ ನನ್ನನ್ನು ಕೊಂಡು ತಂದವನು ನಿಂಗರಾಜು. ದಿನಾ ಸಂಜೆ ಡೇರಿಗೆ ಹಾಲು ಹಾಕಿ ನಾಲೆಯ ಏರಿ ಮೇಲೆ ಊರಿಗೆ ಮರಳುತ್ತಿದ್ದ. ಹಳ್ಳ ಬಂದಲ್ಲೆಲ್ಲ ನನ್ನ ಬೆಳಕು ಕುಣಿಯುತ್ತಿತ್ತು.

ಅಮಾವಾಸ್ಯೆಯ ಒಂದು ಸಂಜೆ, ಕತ್ತಲು ಇಳಿದಿತ್ತು. ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಯಾರೋ ಚೀರಿದರು. ನನ್ನ ಬೆಳಕಿಗೆ ಸಿಕ್ಕಿದ್ದು ಕೆಸರು ಮೆತ್ತಿದ ಎರಡು ಕಾಲು, ಎತ್ತಿ ಕಟ್ಟಿದ ಲುಂಗಿ, ಮಚ್ಚಿನ ತುದಿ. ನಿಂಗರಾಜು ಬ್ರೇಕ್ ಹಿಡಿದ. ನಾನು ಆರಿಹೋದೆ. ಕಬ್ಬಿನ ಗದ್ದೆಯೊಳಕ್ಕೆ ಯಾರೋ ಓಡಿದ ಸದ್ದು. ಊರವರು ಲಾಟೀನು ಹಿಡಿದು ಬಂದಾಗ ಕಂಡಿದ್ದು, ಏರಿಯ ಮೇಲೆ ದೇವೀರಮ್ಮನ ಮಗ ಸೋಮ ಸತ್ತು ಬಿದ್ದಿದ್ದ.

ನೀರಿನ ಸರದಿಗಾಗಿ ಪಕ್ಕದ ಗದ್ದೆಯ ಮಂಚೇಗೌಡ ಸೋಮನ ಜೊತೆ ಹಿಂದಿನ ದಿನವಷ್ಟೇ ಜಗಳವಾಡಿದ್ದು ಊರಿಗೆಲ್ಲ ಗೊತ್ತಿತ್ತು. ಬೆಳಗಾಗುವಷ್ಟರಲ್ಲಿ ನಿಂಗರಾಜುವಿನ ಮನಸ್ಸು ಆ ಕಾಲುಗಳ ಮೇಲೆ ಒಂದು ಮುಖವನ್ನು ಇಟ್ಟಿತ್ತು. ಅವನು ಸುಳ್ಳುಗಾರನಲ್ಲ. ಪೊಲೀಸರಿಗೆ ಹೇಳಿ ಹೇಳಿ ಆ ಮುಖ ಅವನಿಗೆ ನಿಜವಾಗಿಯೇ ಕಾಣತೊಡಗಿತು.

ಸೈಕಲ್ಲಿಗೆ ಪುರಾವೆಯೆಂದು ಚೀಟಿ ಕಟ್ಟಿ ಕೋರ್ಟಿಗೆ ತಂದರು. ಬೇರೆ ಸಾಕ್ಷಿ ಇರಲಿಲ್ಲ, ಮಚ್ಚೂ ಸಿಕ್ಕಿರಲಿಲ್ಲ. ನಿಂಗರಾಜುವಿನ ಒಂದು ಮಾತಿನ ಮೇಲೆ ಮಂಚೇಗೌಡನ ಜೀವ ನಿಂತಿತ್ತು.

"ಸೈಕಲ್ ನಿಲ್ಸಿ, ಇಳ್ದು, ದೀಪದ್ ಬೆಳಕಲ್ಲಿ ಮಕ ನೋಡ್ದೆ ಸ್ವಾಮಿ. ಇವನೇಯಾ," ಎಂದ ನಿಂಗರಾಜು.

"ನಿಲ್ಲಿಸಿದ ಮೇಲೂ ದೀಪ ಉರೀತಿತ್ತಾ?" ಆರೋಪಿಯ ವಕೀಲರು ಮೆಲ್ಲಗೆ ಕೇಳಿದರು.

"ಚೆನ್ನಾಗೇ ಉರೀತಿತ್ತು."

ನ್ಯಾಯಾಧೀಶರು ಕಿಟಕಿಗಳನ್ನು ಮುಚ್ಚಿಸಿದರು. ಪೇದೆ ಸ್ಟ್ಯಾಂಡ್ ಹಾಕಿ ಪೆಡಲ್ ತಿರುಗಿಸಿದ. ನನ್ನ ಬೆಳಕು ಕಟಕಟೆಯಲ್ಲಿದ್ದ ಮಂಚೇಗೌಡನ ಎದೆಯ ಮೇಲೆ ಬಿತ್ತು. ಪೇದೆ ಕೈ ತೆಗೆದ. ಚಕ್ರ ನಿಧಾನವಾಯಿತು, ನಾನು ಕೆಂಪಾದೆ, ಆರಿದೆ. ಕಿಟಕಿ ತೆರೆಸಿ ನ್ಯಾಯಾಧೀಶರು ಬರೆದುಕೊಂಡರು.

ಸಂಶಯದ ಲಾಭ ಕೊಟ್ಟು ಮಂಚೇಗೌಡನನ್ನು ಬಿಡುಗಡೆ ಮಾಡಿದರು.

"ಏನ್ಲಾ ನಿಂಗ, ನಿಂತ್ರೂ ಉರಿಯೋ ದೀಪ ಎಲ್ಲ್ ಸಿಕ್ತದ್ಲಾ? ನಮ್ಗೂ ಒಂದ್ ತಂದ್ಕೊಡು," ಎಂದು ಟೀ ಅಂಗಡಿಯಲ್ಲಿ ನಕ್ಕರು. ದೇವೀರಮ್ಮ ನಗಲಿಲ್ಲ. ಮಂಚೇಗೌಡ ಎದುರು ಬಂದಾಗಲೆಲ್ಲ ನೆಲಕ್ಕೆ ಉಗುಳುತ್ತಿದ್ದಳು. ಕೋರ್ಟಿನಿಂದ ಸೈಕಲ್ ವಾಪಸು ಬಂದ ದಿನ ಅವಳು ನಿಂಗರಾಜುವಿನ ಮನೆ ಬಾಗಿಲಿಗೆ ಬಂದಳು.

"ತೂಬಿನ್ ತಾವ ನಾನ್ ನಿಂತ್ಕತೀನಿ. ಅವತ್ತು ಬಂದಂಗೇ ಬಾ. ನನ್ ಮಕ ಕಂಡ್ತಾ ಹೇಳು."

ಕತ್ತಲಾದ ಮೇಲೆ ಅವನು ಹೊರಟ. ತೂಬಿನ ಬಳಿ ನನ್ನ ಬೆಳಕಿಗೆ ಸಿಕ್ಕಿದ್ದು ಸೀರೆಯ ಅಂಚು, ಬರಿಗಾಲು. ಬ್ರೇಕ್. ಕತ್ತಲು.

"ಕಂಡ್ತೇನ್ಲಾ?"

ಅವನು ಒಂದು ಕಾಲನ್ನು ನೆಲಕ್ಕೂರಿದ. "ಇಲ್ಲಿರೋದು ನೀನೇ ಅಂತ ಗೊತ್ತಿತ್ತಲ್ಲವ್ವ. ಅದ್ಕೇ ಕಂಡಂಗಾಯ್ತು."

"ಅವತ್ತೂ ಹಂಗೇಯಾ?"

ಅವನು ಹ್ಯಾಂಡಲ್ ಮೇಲೆ ಹಣೆ ಊರಿದ. ಅವಳು ಮಣ್ಣಿನ ಮೇಲೆ ಕುಸಿದು ಕೂತ ಸದ್ದು ಮಾತ್ರ ಕೇಳಿಸಿತು.

ಆಮೇಲೆ ಮಂಚೇಗೌಡ ಎದುರಾದರೆ ದೇವೀರಮ್ಮ ಉಗುಳುತ್ತಿರಲಿಲ್ಲ. ಸೆರಗು ಎಳೆದುಕೊಂಡು ದಾರಿ ಬಿಡುತ್ತಿದ್ದಳು.

ಈಗ ನನ್ನ ಗಾಜು ಒಡೆದಿದೆ. ಗುಜರಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದೇನೆ. ಆ ಕಾಲುಗಳು ಯಾರವೆಂದು ನನಗೆ ಇಂದಿಗೂ ತಿಳಿಯದು. ಮಂಚೇಗೌಡನವೇ ಇರಬಹುದು. ಇಲ್ಲದೆಯೂ ಇರಬಹುದು. ಈ ಎರಡು ಮಾತುಗಳ ನಡುವೆಯೇ ದೇವೀರಮ್ಮ ತನ್ನ ಉಳಿದ ಆಯುಸ್ಸನ್ನೆಲ್ಲ ಕಳೆದಳು.